ಹಳದಿ ವೈರು, ಕೆಂಪು ವೈರು

ಬಳ್ಳಾರಿ
ಬುಧವಾರ ರಾತ್ರಿ

ಅವ್ವೀ,

ರೊಟ್ಟಿ ಗಂಟಿನ ಕೆಳಗೆ, ಶೇಂಗಾ ಚಟ್ನಿಪುಡಿ ಡಬ್ಬಿಯ ಪಕ್ಕ ಒಂದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ಇದೆ. ಅದರಲ್ಲಿ ಪೆನ್ ಡ್ರೈವ್ ಇದೆ. ಪುಡಿ ಒಳಗೆ ಹೋಗದಿರಲಿ ಅಂತ ಎರಡು ಸುತ್ತು ಸುತ್ತಿದ್ದೇನೆ. ಮೊದಲು ಈ ಪತ್ರ ಓದು, ಆಮೇಲೆ ಅದನ್ನು ಕಾರಿಗೆ ಹಾಕು. ಫೋನಿನಲ್ಲೇ ಹೇಳಬಹುದಿತ್ತು. ನನ್ನ ಫೋನು ನೀನು ಎತ್ತುತ್ತಿಲ್ಲ. ನಿಮ್ಮಮ್ಮನದು ಎತ್ತುತ್ತೀಯ. ಅಡುಗೆಮನೆಯಲ್ಲಿ ಅವಳು ದನಿ ಇಳಿಸಿ ಮಾತಾಡೋದು ನನಗೆ ಕೇಳಿಸುತ್ತದೆ. ಮೊಣಕಾಲು ಹೋಯಿತು, ಕಣ್ಣು ಅರ್ಧ ಹೋಯಿತು, ಕಿವಿ ಮಾತ್ರ ಇನ್ನೂ ನೆಟ್ಟಗಿದೆ.

ಭಾನುವಾರದ ವಿಷಯ ಮತ್ತೆ ಬರೆಯಲ್ಲ. ಇಬ್ಬರೂ ಅಲ್ಲೇ ಇದ್ದೆವಲ್ಲ. ಸಿರುಗುಪ್ಪ ರಸ್ತೆಯಲ್ಲಿ ನಿನ್ನ ಕಾರಿನಲ್ಲಿ ನಾನು ಹಾಡು ನಿಲ್ಲಿಸಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. 'ನಿನ್ನ ಹಾಡಿಗಿಷ್ಟು ಬೆಂಕಿ ಹಾಕ' ಅಂದದ್ದು ತಪ್ಪು. ಊಟ ಮಾಡದೆ ಹೊರಟ ಮಗಳಿಗೆ ನೀರು ಕುಡಿದು ಹೋಗು ಅಂತಲೂ ಹೇಳದೆ ಒಳಗೆ ಕೂತೆನಲ್ಲ, ಅದು ಅದಕ್ಕಿಂತ ದೊಡ್ಡ ತಪ್ಪು.

ನೀನು ಒಂದು ಮಾತು ಕೇಳಿದೆ. 'ಅಪ್ಪಾ, ಅರ್ಧ ಬಳ್ಳಾರಿಗೆ ಹಾಡು ಹಂಚಿದವನು ನೀನು. ನನ್ನ ಕಾರಿನಲ್ಲಿ ಮಾತ್ರ ಹಾಡು ಯಾಕ್ ಬೇಡ ನಿಂಗೆ?' ಮೂರು ದಿನದಿಂದ ಆ ಮಾತು ತಲೆಯಲ್ಲಿ ಕೂತಿದೆ. ಅದಕ್ಕೆ ಉತ್ತರ ಬರೆಯೋಣ ಅಂತ ಕೂತೆ.

ಅದಕ್ಕೂ ಮೊದಲು ಇನ್ನೊಂದು. ಅವತ್ತು ನೀನು ನಮ್ಮ ಓಣಿಯೊಳಗೆ ಕಾರನ್ನು ಹಿಮ್ಮುಖವಾಗಿ ತಂದೆಯಲ್ಲ. ಆ ಕಡೆ ಕರೆಂಟ್ ಕಂಬ, ಈ ಕಡೆ ಚರಂಡಿ, ಮಧ್ಯೆ ಒಂದು ಎಮ್ಮೆ. ಒಂದೇ ಸಲಕ್ಕೆ ತಂದು ಕಟ್ಟೆಗೆ ಒಂದು ಗೇಣು ಬಿಟ್ಟು ನಿಲ್ಲಿಸಿದೆ. ಪೇಪರ್ ಅಡ್ಡ ಹಿಡಿದುಕೊಂಡು ನೋಡಿದೆ ನಾನು. ಎದುರು ಮನೆಯವರು 'ಮಗಳು ಭಾಳ ಚೆನ್ನಾಗಿ ಓಡಿಸ್ತಾಳೆ' ಅಂದರೆ 'ಹ್ಞೂಂ' ಅಂದು ಸುಮ್ಮನಾದೆ. ನಮ್ಮ ಮನೆತನದಲ್ಲಿ ಸ್ವಂತ ಸಂಬಳದಲ್ಲಿ ಕಾರು ತಗೊಂಡವಳು ನೀನೇ ಮೊದಲು. ಸೆಕೆಂಡ್ ಹ್ಯಾಂಡ್ ಆದರೇನು, ಬ್ಯಾಟರಿ ಹೊಸದಿದೆ, ನೋಡಿದೆ.

ಈಗ ಉತ್ತರ.

ಗಾಡಿಗಳಿಗೆ ಹಾಡಿನ ಸೆಟ್ ಹಾಕುವ ನನ್ನ ಅಂಗಡಿಯ ಕಥೆ ನಿನಗೆ ಗೊತ್ತು. ಆದರೆ ನೀನು ನೋಡಿದ್ದು ಅದರ ಕೊನೆಗಾಲ. ಅದಿರು ಲಾರಿಗಳು, ಬಣ್ಣದ ಲೈಟಿನ ಸೆಟ್ಟುಗಳು, ಆಮೇಲೆ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದ್ದು, ಲಾರಿಗಳ ಜೊತೆ ನಾನೂ ನಿಂತದ್ದು. ಅದು ಬಿಡು. ಅದಕ್ಕಿಂತ ಮುಂಚಿನ ಕ್ಯಾಸೆಟ್ ಕಾಲವೇ ಬೇರೆ ಇತ್ತು. ಡ್ರೈವರುಗಳು ಬೀಡಿ ಕಟ್ಟಿನ ಕಾಗದದ ಮೇಲೆ ಹಾಡಿನ ಪಟ್ಟಿ ಬರೆದು ತರುತ್ತಿದ್ದರು. ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡೋದು ನನ್ನ ಕೆಲಸ. ಗುಂಟಕಲ್ ಕಡೆಯಿಂದ ಬರೋರಿಗೆ ಘಂಟಸಾಲ ಬೇಕು. ತಮಿಳುನಾಡಿನ ಲಾರಿಯವರಿಗೆ ಇಳಯರಾಜ ಬಿಟ್ಟರೆ ಊಟ ಸೇರುತ್ತಿರಲಿಲ್ಲ. ನಮ್ಮವರಿಗೆ ರಾಜಕುಮಾರ್, ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ. ಯಾವ ಹಾಡು ಹೇಳಿದರೆ ಯಾವ ಊರಿನವನು ಅಂತ ಹೇಳಿಬಿಡುತ್ತಿದ್ದೆ.

ರಾತ್ರಿ ಓಡಿಸೋರು ಬೇರೆ ಥರ. ಒಬ್ಬ ವಯಸ್ಸಾದ ಡ್ರೈವರ್ ನನಗೆ ಹೇಳಿದ್ದು: 'ಹಾಡು ಹಾಕಿದ್ರೆ ನಿದ್ದಿ ಬರಂಗಿಲ್ಲ ಅನ್ನೋದು ಸುಳ್ಳು ಸಾವ್ಕಾರ. ಹಾಡು ತೂಗ್ತದ. ಮಾತು ಎಬ್ಬಿಸ್ತದ.' ಅದಕ್ಕೆ ಅವರು ಕೇಳುತ್ತಿದ್ದದ್ದು ಸಣ್ಣಾಟ ಅನ್ನೋ ಹಳ್ಳಿ ನಾಟಕದ ಕ್ಯಾಸೆಟ್ಟು, ಗುರುರಾಜುಲು ನಾಯ್ಡು ಅವರ ಹರಿಕಥೆ. ಮುಂದೇನಾಯಿತು ಅಂತ ಕಿವಿ ಕಾಯುತ್ತದೆ, ಕಣ್ಣು ಮುಚ್ಚಲ್ಲ. ಅದೂ ಒಂದು ಮಟ್ಟದವರೆಗೆ ಮಾತ್ರ. ಬೆಳಗಿನ ಜಾವ ಮೂರರ ನಿದ್ದೆಗೆ ಯಾವ ಹರಿಕಥೆಯೂ ನಿಲ್ಲಲ್ಲ. ಗಾಡಿ ಬದಿಗೆ ಹಾಕಿ ಮಲಗೋದೇ.

ಈ ಲಾರಿಯವರಿಗೆ ಇನ್ನೊಂದು ಬೇಡಿಕೆ ಇತ್ತು. ಗಾಡಿ ನಿಂತಾಗಲೂ, ಕೀಲಿ ತೆಗೆದಾಗಲೂ ಹಾಡು ಬರಬೇಕು. ಲೋಡಿಗೆ ಕಾಯುತ್ತಾ ಗಂಟೆಗಟ್ಟಲೆ ಕೂರೋರು ಪಾಪ, ಇನ್ನೇನು ಮಾಡ್ಯಾರು. ಸೆಟ್ಟಿನ ಹಿಂದೆ ಹಳದಿ ವೈರು, ಕೆಂಪು ವೈರು ಅಂತ ಎರಡು ಬರುತ್ತವೆ. ಹಳದಿ ನೇರ ಬ್ಯಾಟರಿಗೆ. ಕೆಂಪು ಕೀಲಿಗೆ. ಕೀಲಿ ತಿರುಗಿಸಿದರೆ ಕೆಂಪಿಗೆ ಕರೆಂಟು ಬರುತ್ತದೆ, ಆಗ ಸೆಟ್ ಏಳುತ್ತದೆ. ಎರಡನ್ನೂ ಸೇರಿಸಿ ಬ್ಯಾಟರಿಗೇ ಕೊಟ್ಟುಬಿಟ್ಟರೆ ಕೀಲಿಯ ಹಂಗೇ ಇಲ್ಲ. ಬ್ಯಾಟರಿ ಇಳಿಯುತ್ತದೆ ಅಂತ ಹೇಳುತ್ತಿದ್ದೆ, ಆದರೂ ಹಾಗೇ ಹಾಕಿಕೊಡುತ್ತಿದ್ದೆ. ಕೈಗೆ ಅದೇ ರೂಢಿಯಾಯಿತು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, 1997ರಲ್ಲಿ ನಿನ್ನನ್ನೂ ನಿಮ್ಮಮ್ಮನನ್ನೂ ಸಿಂಧನೂರಿನಿಂದ ಕರೆತರಲು ಒಂದು ವ್ಯಾನು ಕೇಳಿ ತಂದಿದ್ದೆ. ಬಾಣಂತನ ಮುಗಿದಿತ್ತು. ನಿನಗೆ ಮೂರು ತಿಂಗಳು. ಪರಿಚಯದ ಗಿರಾಕಿಯ ವ್ಯಾನು ಅದು, ಅದಕ್ಕೆ ಸೆಟ್ ಹಾಕಿದವನೂ ನಾನೇ. ಹಳದಿ, ಕೆಂಪು ಎರಡೂ ಸೇರಿಸಿ.

ಈ ಪ್ರಯಾಣದ ಕಥೆ ನಿನಗೆ ಬಾಯಿಪಾಠ. 'ಅಪ್ಪನಿಗೆ ಎತ್ತು ಅಡ್ಡ ಬಂದದ್ದು.' ಹಬ್ಬಕ್ಕೊಮ್ಮೆ ನಿನ್ನ ಸೋದರಮಾವ ಅದನ್ನು ಹೇಳದೆ ಬಿಟ್ಟದ್ದಿಲ್ಲ. ಎಲ್ಲರೂ ನಗುತ್ತೀರಿ, ನಾನೂ ನಗುತ್ತೇನೆ.

ಎತ್ತು ಅಡ್ಡ ಬರಲಿಲ್ಲ ಅವ್ವೀ.

ನಿನ್ನ ಪ್ರಯಾಣಕ್ಕೆ ಅಂತ ಒಂದು ಕ್ಯಾಸೆಟ್ ತುಂಬಿಸಿದ್ದೆ. ಒಂದು ಬದಿಗೆ ಜಾನಕಿಯವರ ಹಾಡು, ಇನ್ನೊಂದು ಬದಿಗೆ ಸಿದ್ಧರಾಮ ಜಂಬಲದಿನ್ನಿಯವರ ವಚನ. ಮೂರು ತಿಂಗಳ ಕೂಸಿಗೆ ವಚನ ಏನು ತಿಳಿಯುತ್ತದೆ ಅನ್ನಬೇಡ. ಆ ದನಿಗೆ ನಮ್ಮ ಕರಿ ಹೊಲದ ಮಣ್ಣಿನ ತೂಕ ಇತ್ತು, ಕೂಸು ಹೆದರದೆ ಮಲಗುತ್ತದೆ ಅಂತ ನನ್ನ ಲೆಕ್ಕ. ಗಿರಾಕಿಗಳಿಗೆಲ್ಲ ನಾನು ಹೇಳುತ್ತಿದ್ದದ್ದು: ಗಾಡಿಗೆ 60 ನಿಮಿಷದ ಕ್ಯಾಸೆಟ್ಟೇ ಹಾಕಿ, 90 ಬೇಡ. 90ರ ರೀಲು ತೆಳ್ಳಗಿರುತ್ತದೆ, ಬಿಸಿಲಿಗೆ, ಕುಲುಕಿಗೆ ಬೇಗ ಸಿಕ್ಕಿಕೊಳ್ಳುತ್ತದೆ, ಟೇಪು ಅದನ್ನು ನುಂಗುತ್ತದೆ. ಎಲ್ಲರಿಗೂ ಹೇಳಿದವನು ನಾನು 90ರದನ್ನೇ ತುಂಬಿಸಿದೆ. ದಾರಿ ಉದ್ದ, ಹಾಡು ಬೇಗ ಮುಗಿಯಬಾರದು ಅಂತ.

ಅಂಗಡಿ ಮುಚ್ಚಿ ಹೊರಟಾಗ ಕತ್ತಲಾಗಿತ್ತು. ಬರುವಾಗ ತೊಂದರೆಯಾಗದಿರಲಿ, ಒಮ್ಮೆ ನೋಡಿಬಿಡೋಣ ಅಂತ ತೆಕ್ಕಲಕೋಟೆಗಿಂತ ಮುಂಚೆ ಕ್ಯಾಸೆಟ್ ಹಾಕಿದೆ. ಎಂಜಿನ್ ಏರಿಸಿದಂತೆ ಸ್ಪೀಕರಿನಲ್ಲಿ 'ಕುಂಯ್' ಅಂತ ಒಂದು ಸದ್ದು ಏರುತ್ತದೆ, ಅರ್ತಿಂಗ್ ಸರಿ ಇಲ್ಲದಿದ್ದರೆ. ಅದು ಬರುತ್ತದೋ ಅಂತ ಕಿವಿ ಕೊಟ್ಟುಕೊಂಡೇ ಓಡಿಸಿದೆ. ಬರಲಿಲ್ಲ. ನನ್ನ ಕೆಲಸಕ್ಕೆ ನಾನೇ ತಲೆದೂಗಿದೆ. ಸಿರುಗುಪ್ಪ ದಾಟಿದೆ. ಇನ್ನೇನು ದಢೇಸುಗೂರಿನ ಹೊಳೆ ಸೇತುವೆ, ಆಚೆಗೆ ನಿಮ್ಮ ಅಜ್ಜನ ಊರು. ಅಷ್ಟರಲ್ಲಿ ಜಾನಕಿಯವರ ದನಿ ದಪ್ಪಗಾಯಿತು. ಎಳೆದೆಳೆದು ಗಂಡು ದನಿಯಾಯಿತು. ರೀಲು ಸಿಕ್ಕಿಕೊಂಡಿದೆ. ಈಗ ತೆಗೆಯದಿದ್ದರೆ ಪೂರಾ ತಿನ್ನುತ್ತದೆ. ಗುಂಡಿ ಒತ್ತಿದೆ, ಏಳಲಿಲ್ಲ. ಬಗ್ಗಿ ಬೆರಳು ಹಾಕಿದೆ.

ಎಷ್ಟು ಹೊತ್ತು ಬಗ್ಗಿರಬಹುದು? ಎರಡು ಸೆಕೆಂಡು, ಮೂರು ಸೆಕೆಂಡು. ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಗಂಟೆಗೆ 50 ಕಿಲೋಮೀಟರಿನಲ್ಲಿ ಹೋಗುವ ಗಾಡಿ ಮೂರು ಸೆಕೆಂಡಿಗೆ ಸುಮಾರು 40 ಮೀಟರ್ ಹೋಗುತ್ತದೆ. ನೀನು 80ರಲ್ಲಿ ಹೋಗುತ್ತೀಯಲ್ಲ, 65 ಮೀಟರ್ ಮೀರುತ್ತದೆ. ನಮ್ಮ ಓಣಿಯ ಆ ತುದಿಯಿಂದ ಈ ತುದಿ. ಕಣ್ಣು ಮುಚ್ಚಿಕೊಂಡು.

ತಲೆ ಎತ್ತಿದಾಗ ಎದುರಿಗೆ ಬಂಡಿ. ಹಿಂದೆ ಲಾಟೀನು ಇರಲಿಲ್ಲ, ಅದು ನಿಜ. ಇದ್ದಿದ್ದರೂ ನಾನು ನೋಡುತ್ತಿರಲಿಲ್ಲ, ಅದೂ ನಿಜ. ಬಲಕ್ಕೆ ಎಳೆದೆ. ವ್ಯಾನಿನ ಎಡ ಮೂಲೆ ಬಂಡಿಯ ಗಾಲಿ ಸವರಿಕೊಂಡು ಹೋಗಿ ಬಲಗಡೆ ಎತ್ತಿಗೆ ಬಡಿಯಿತು. ಹಿಂಗಾಲು. ಎತ್ತು ನೊಗದ ಸಮೇತ ಕೂತುಬಿಟ್ಟಿತು.

ನಾನು ಕೀಲಿ ತೆಗೆದೆ. ಎಂಜಿನ್ ನಿಂತಿತು. ಹಾಡು ನಿಲ್ಲಲಿಲ್ಲ.

ಆ ಕುಲುಕಿಗೆ ಸಿಕ್ಕಿದ್ದ ರೀಲು ಬಿಟ್ಟುಕೊಂಡಿತ್ತು. ಜಾನಕಿಯವರು ಮತ್ತೆ ಸರಿಯಾಗಿ ಹಾಡತೊಡಗಿದ್ದರು. ಹೊರಗೆ ಕತ್ತಲು, ಎತ್ತಿನ ಉಸಿರು, ಬಂಡಿಯಿಂದ ಇಳಿದ ಮುದುಕ ಅದರ ಕೊರಳ ಹಗ್ಗ ಬಿಚ್ಚಲು ಒದ್ದಾಡುತ್ತಿದ್ದಾನೆ. ಒಳಗೆ ಹಾಡು. ಗುಂಡಿಗಳೆಲ್ಲ ಒತ್ತಿದೆ. ಕೈ ನಡುಗಿ ಯಾವುದು ಯಾವುದೋ ಒತ್ತಿದೆ. ನೂರಾರು ಸೆಟ್ ಹಾಕಿದ ಕೈಗೆ ಒಂದು ಸೆಟ್ ಆರಿಸಲು ಆಗಲಿಲ್ಲ. ಹಾಡು ಮುಗಿಯಿತು, ಟಕ್ ಅಂತ ಸದ್ದಾಗಿ ಸೆಟ್ಟು ತಾನೇ ಬದಿ ತಿರುಗಿಸಿಕೊಂಡಿತು. ಜಂಬಲದಿನ್ನಿಯವರು ಶುರು ಮಾಡಿದರು. ಸುಕ್ಕಾದ ರೀಲಿನ ಮೇಲೆ ಅವರ ದನಿ ಮುಳುಗಿತು, ಎದ್ದಿತು. ಆಗ ನಾನು ಡ್ಯಾಶ್ ಬೋರ್ಡಿನ ಕೆಳಗೆ ಕೈ ಹಾಕಿ ವೈರಿನ ಗೊಂಚಲು ಹಿಡಿದು ಕಿತ್ತೆ. ಹಳದಿ, ಕೆಂಪು, ಕಪ್ಪು, ಎಲ್ಲ.

ಮುದುಕ ಎತ್ತಿನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ನನ್ನ ಕಡೆ ತಿರುಗಿ ಅಂದ: 'ಯಾಕ ಕಿತ್ತಿ? ಅದೇನ್ ಮಾಡಿತ್ತಪಾ ನಿನಗ?'

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ, ಒಂದೇಟು ಹೊಡೆದಿದ್ದರೆ ಅವತ್ತಿಗೇ ಮುಗಿಯುತ್ತಿತ್ತು ಅನ್ನಿಸುತ್ತದೆ.

ನಡುರಾತ್ರಿ ನಿಮ್ಮ ಅಜ್ಜನ ಮನೆ ಮುಟ್ಟಿದೆ. ವ್ಯಾನಿನ ಮೂಲೆ ನೋಡಿ ಎಲ್ಲರೂ ಏನಾಯಿತು ಅಂದರು. 'ಎತ್ತು ಅಡ್ಡ ಬಂತು' ಅಂದೆ. ಬಾಯಿಗೆ ಬಂದದ್ದು ಅದು. ಮೂಗ ಪ್ರಾಣಿಯ ಮೇಲೆ ಹಾಕಿದರೆ ಅದು ಬಂದು ಇಲ್ಲ ಅನ್ನುತ್ತದೆಯೇ? ನಿಮ್ಮಮ್ಮ ನಿನ್ನನ್ನು ನನ್ನ ಕೈಗೆ ಕೊಟ್ಟಳು. ವೈರು ಕಿತ್ತ ಬೆರಳಿನಲ್ಲಿ ಇನ್ನೂ ರಕ್ತ ಇತ್ತು. ನಿನ್ನ ಬಿಳಿ ಕುಲಾವಿಗೆ ಸ್ವಲ್ಪ ತಾಗಿತು. ಮರುದಿನ ಬಳ್ಳಾರಿಗೆ ಬರುವಾಗ ವ್ಯಾನಿನಲ್ಲಿ ಹಾಡಿರಲಿಲ್ಲ. ನೀನು ದಾರಿಯುದ್ದಕ್ಕೂ ಅತ್ತೆ.

ಎತ್ತಿನ ದುಡ್ಡು ಮೂರು ಕಂತಿನಲ್ಲಿ ಕೊಟ್ಟೆ. ಒಂದು ಎತ್ತು ಹೋದರೆ ಜೋಡಿಯೇ ಹೋದಂತೆ, ಪಳಗಿದ ಎತ್ತಿಗೆ ಹೊಸ ಎತ್ತು ಹೊಂದಲ್ಲ. ಅದರ ಬೆಲೆ ನಾನು ಕಟ್ಟಿಕೊಟ್ಟಿಲ್ಲ. ಮೂರನೇ ಸಲ ಹೋದಾಗ ಮುದುಕ ದುಡ್ಡು ಎಣಿಸಲೂ ಇಲ್ಲ. ಗೂಡಿನಲ್ಲಿದ್ದ ರೇಡಿಯೋ ತಂದು ಮುಂದಿಟ್ಟ. 'ಭಾಳ ಗೊರಗೊರ ಅಂತೈತಿ, ನೋಡು.' ಸೆಲ್ಲಿನ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿತ್ತು. ಚಾಕುವಿನ ತುದಿಯಿಂದ ಕೆರೆದು ಕೊಟ್ಟೆ. ಯಾವುದೋ ಕೃಷಿ ಕಾರ್ಯಕ್ರಮ ಬರುತ್ತಿತ್ತು. ಅವನು ಕಿವಿಗೆ ಹಚ್ಚಿಕೊಂಡು ಕೇಳುತ್ತಾ ಕೂತ, ನಾನು ಎದ್ದು ಬಂದೆ.

ಅಂದಿನಿಂದ ಗಾಡಿಯಲ್ಲಿ ನಾನು ಹಾಡು ಹಾಕಿಲ್ಲ. ಸೆಟ್ ಹಾಕೋನ ಗಾಡಿಗೇ ಸೆಟ್ ಇಲ್ಲ ಅಂತ ಓಣಿಯವರು ನಗುತ್ತಿದ್ದರು. ನೀನೂ ಎಷ್ಟು ಸಲ ಕೇಳಿದ್ದೀಯ. ಹೇಳಬೇಕಿತ್ತು. ಹೇಳಲಿಲ್ಲ.

ಭಾನುವಾರ ಆ ಪರದೆಯ ಮೇಲೆ ನಿನ್ನ ಬೆರಳು ಹಾಡು ಹುಡುಕುತ್ತಾ ಮೇಲೆ ಕೆಳಗೆ ಓಡಾಡುವಾಗ ನನಗೆ ಎದುರಿನ ಭತ್ತದ ಹುಲ್ಲಿನ ಟ್ರ್ಯಾಕ್ಟರ್ ಕಾಣಲಿಲ್ಲ. ಬಂಡಿ ಕಂಡಿತು. ಅದಕ್ಕೇ ಕೈ ಹಾಕಿದೆ. ಆಮೇಲೆ ಹೊಳೆಯಿತು, ಅವತ್ತು ಓಡುವ ಗಾಡಿಯಲ್ಲಿ ಸೆಟ್ಟಿಗೆ ಕೈ ಹಾಕಿದವನು ನಾನೇ, ಇವತ್ತೂ ನಾನೇ. ನೀನು ಬ್ರೇಕ್ ಹಿಡಿದೆ, ನಾನಲ್ಲ. ನೀನು ರಸ್ತೆ ನೋಡುತ್ತಿದ್ದೆ ಅಂತಲೇ ಇಟ್ಟುಕೊಳ್ಳೋಣ.

ಆದರೂ ಕೇಳು. ಈಗ ಕಟಾವಿನ ಕಾಲ. ಸಿಂಧನೂರು, ಸಿರುಗುಪ್ಪ ಎರಡೂ ಕಡೆ ಭತ್ತ. ರಸ್ತೆಯ ಒಂದು ಪಕ್ಕ ಕಾಳು ಒಣಹಾಕಿರುತ್ತಾರೆ, ಸುತ್ತ ಕಲ್ಲು ಇಟ್ಟಿರುತ್ತಾರೆ. ರಾತ್ರಿ ಕಾಳು ಎತ್ತುತ್ತಾರೆ, ಕಲ್ಲು ಅಲ್ಲೇ ಬಿಡುತ್ತಾರೆ. ಹುಲ್ಲಿನ ಟ್ರ್ಯಾಕ್ಟರಿಗೆ ಹಿಂದೆ ಲೈಟು ಇರಲ್ಲ, ಇದ್ದರೂ ಹುಲ್ಲು ಮುಚ್ಚಿರುತ್ತದೆ. ಕುರಿ ಮಂದೆ ಸಂಜೆ ಸೇತುವೆ ದಾಟುತ್ತದೆ. ಶನಿವಾರ ಬ್ಯಾಂಕಿನಿಂದ ತಡವಾದರೆ ಬರಲೇಬೇಡ, ಭಾನುವಾರ ಬೆಳಿಗ್ಗೆ ಬಾ. ರೊಟ್ಟಿ ಎಲ್ಲಿಗೂ ಓಡಿಹೋಗಲ್ಲ. ಗಾಜು ಪೂರ್ತಿ ಏರಿಸಿ ಏಸಿ ಹಾಕಿ ಅಷ್ಟು ಜೋರಾಗಿ ಹಾಡು ಹಾಕಿದರೆ ಹಿಂದಿನವನ ಹಾರನ್ನೂ ಕೇಳಲ್ಲ, ನಿನ್ನ ಟೈರಿನ ಗಾಳಿ ಇಳಿದದ್ದೂ ಕೇಳಲ್ಲ. ಕೆಲವು ಸಲ ಏನೂ ಹಾಕದೆ ಓಡಿಸು. ಗಾಡಿಯ ಮಾತು ಕೇಳು. ಬೇರಿಂಗ್ ಹೋಗುವ ಮುಂಚೆ 'ಹೂಂ' ಅಂತ ಗುನುಗುತ್ತದೆ, ಬ್ರೇಕ್ ಪ್ಯಾಡು ಸವೆದರೆ ಚೀರುತ್ತದೆ. ತಾಳ ಜೋರಾದರೆ ಕಾಲೂ ತಾಳಕ್ಕೆ ಬೀಳುತ್ತದೆ, ಮುಳ್ಳು ಏರಿದ್ದು ಗೊತ್ತೇ ಆಗಲ್ಲ. ಇದು ನಾನು ಕಂಡದ್ದು, ಪುಸ್ತಕದ್ದಲ್ಲ. ಸರಿ, ಭಾಷಣ ಶುರುವಾಯಿತು. ನಿಮ್ಮಮ್ಮ ಇಣುಕಿ ನೋಡಿ 'ಇನ್ನೂ ಬರೀತಿದ್ದೀರಾ' ಅಂದು ಹೋದಳು. ಅವಳಿಗೂ ಇವತ್ತು ಬೆಳಿಗ್ಗೆಯೇ ಹೇಳಿದೆ, ಎತ್ತಿನ ವಿಷಯ. 'ನನಗೆ ಅವತ್ತೇ ಗೊತ್ತಿತ್ತು, ಕ್ಯಾಸೆಟ್ಟು ನಿಮ್ಮ ಜೇಬಿನಲ್ಲಿತ್ತು, ರೀಲು ಹೊರಗೆ ಜೋತಾಡ್ತಿತ್ತು' ಅಂದಳು. ಇಷ್ಟು ವರ್ಷ ಸುಮ್ಮನಿದ್ದಳು ನೋಡು.

ಪೆನ್ ಡ್ರೈವಿಗೆ ಬರೋಣ. ಪಕ್ಕದ ಮನೆ ಹುಡುಗನ ಕಂಪ್ಯೂಟರಿನಲ್ಲಿ ಎರಡು ರಾತ್ರಿ ಕೂತು ಮಾಡಿದ್ದು. ಹಾಡುಗಳನ್ನು ದಾರಿಯ ಲೆಕ್ಕದಲ್ಲಿ ಜೋಡಿಸಿದ್ದೇನೆ. ಎರಡು ಫೋಲ್ಡರ್. ಒಂದು ಸೋಮವಾರ ಬೆಳಿಗ್ಗೆ ಬಳ್ಳಾರಿ ಬಿಡುವಾಗಿನದು, ಇನ್ನೊಂದು ವಾರದ ಕೊನೆಗೆ ಬರುವಾಗಿನದು. ಹೊರಡುವ ಮುಂಚೆ ಒಂದನ್ನು ಒತ್ತು, ಮುಟ್ಟುವವರೆಗೆ ಮತ್ತೆ ಮುಟ್ಟಬೇಡ.

ಬೆಳಗಿನದರಲ್ಲಿ ಮೊದಲು ಬಿಸ್ಮಿಲ್ಲಾ ಖಾನರ ಶಹನಾಯಿ. ಊರು ದಾಟುವವರೆಗೆ ಮಾತಿಲ್ಲದ್ದೇ ಒಳ್ಳೆಯದು. ಆಮೇಲೆ ಭೀಮಸೇನ ಜೋಶಿಯವರ ತೋಡಿ ರಾಗ. ನಮ್ಮ ಗದಗಿನವರು, ಕಾರಿನ ಹುಚ್ಚು ಬಹಳ, ಕಛೇರಿಗೆ ಎಷ್ಟೋ ದೂರ ತಾವೇ ಓಡಿಸಿಕೊಂಡು ಹೋಗುತ್ತಿದ್ದರಂತೆ. ಅವರು ಓಡಿಸುವ ವೇಗದ ಬಗ್ಗೆ ಕೇಳಿದ ಕಥೆಗಳನ್ನು ನಿನಗೆ ಹೇಳಲ್ಲ. ಖಯಾಲಿನದು, ಅಂದರೆ ಅವರು ಹಾಡುವಂಥ ಹಿಂದೂಸ್ತಾನಿ ಗಾಯನದ್ದು, ಕಾರಿನಲ್ಲಿ ಒಂದು ತಾಪತ್ರಯ ಇದೆ. ಆಲಾಪ ಮೆಲ್ಲಗಿರುತ್ತದೆ, ಟೈರಿನ ಸದ್ದಿನಲ್ಲಿ ಮುಳುಗುತ್ತದೆ. ಕೇಳಲ್ಲ ಅಂತ ದನಿ ಏರಿಸುತ್ತೀವಿ. ಆಮೇಲೆ ತಾನ್, ಅಂದರೆ ಸ್ವರಗಳ ಜೋರು ಓಟ, ಬಂದಾಗ ಕಿವಿ ಹರಿಯುತ್ತದೆ, ಮತ್ತೆ ಇಳಿಸಲು ಕೈ ಹೋಗುತ್ತದೆ. ಸಿನಿಮಾ ಹಾಡಿಗೆ ಈ ಗೋಳಿಲ್ಲ, ಅಲ್ಲಿ ಮೊದಲಿನಿಂದ ಕೊನೆವರೆಗೆ ದನಿ ಹೆಚ್ಚುಕಮ್ಮಿ ಒಂದೇ ಮಟ್ಟ. ಅದಕ್ಕೇ ಆಲಾಪದ ಭಾಗವನ್ನೆಲ್ಲ ನಾನೇ ಸ್ವಲ್ಪ ಎತ್ತಿ, ತಾನಿನ ಭಾಗ ಇಳಿಸಿ ಸಮ ಮಾಡಿದ್ದೇನೆ. ಸಂಗೀತ ಗೊತ್ತಿದ್ದವರು ಕೇಳಿದರೆ ನನ್ನನ್ನು ಹಿಡಿದು ಬಡಿದಾರು. ಬಡಿಯಲಿ.

ಸಂಜೆಯದರಲ್ಲಿ ಪಿ.ಬಿ. ಶ್ರೀನಿವಾಸ್ ಜಾಸ್ತಿ. ದಣಿದವರಿಗೆ ಆ ದನಿ ಹಿತ. ಮಧ್ಯೆ ಹರಿಕಥೆಯ ಒಂದು ತುಂಡು ಇಟ್ಟಿದ್ದೇನೆ, ತೆಕ್ಕಲಕೋಟೆ ಹತ್ತಿರ ಕಣ್ಣು ಎಳೆಯುವ ಹೊತ್ತಿಗೆ. ನಿನ್ನ ಆ ಜೋರು ಹಾಡುಗಳನ್ನೂ ಆರು ಹಾಕಿದ್ದೇನೆ, ಹುಡುಗನಿಗೆ ಕೇಳಿ. ಅದರಲ್ಲಿ ಎರಡು ಪರವಾಗಿಲ್ಲ. ಉಳಿದ ನಾಲ್ಕರಲ್ಲಿ ಹಾಡೋನಿಗೆ ಯಾರೋ ಹಿಂದಿನಿಂದ ಅಟ್ಟಿಸಿಕೊಂಡು ಬಂದ ಹಾಗಿದೆ.

ಬೆಳಗಿನ ಫೋಲ್ಡರಿನ ಕೊನೆಗೆ ಜಂಬಲದಿನ್ನಿಯವರ ವಚನ ಇವೆ. ಅದೇ ಕ್ಯಾಸೆಟ್ಟಿನವು. ಬಿಸಾಡಿರಲಿಲ್ಲ. ಸುಕ್ಕಾದ ರೀಲು ಅಷ್ಟುದ್ದ ಕತ್ತರಿಸಿ, ಎರಡು ತುದಿ ಅಂಟಿಸಿ, ಹಳೇ ಡೆಕ್ಕಿನ ಹೆಡ್ಡು ಸ್ಪಿರಿಟ್ಟಿನಲ್ಲಿ ಒರೆಸಿ ಕಂಪ್ಯೂಟರಿಗೆ ಇಳಿಸಿದೆ. ಒಂದು ಬದಿಯ ಕೊನೆ ಅಂದರೆ ಇನ್ನೊಂದು ಬದಿಯ ಮೊದಲು, ರೀಲು ಒಂದೇ ಅಲ್ವಾ. ಹಾಗಾಗಿ ಜಾನಕಿಯವರ ಕೊನೆಯ ಹಾಡಿನ ಜೊತೆ ಮೊದಲನೇ ವಚನವೂ ಒಂದು ತುಂಡು ಕಳಕೊಂಡಿದೆ. ನನ್ನ ಅಂದಾಜಿನಲ್ಲಿ ಅದು ಬರೋದು ದಢೇಸುಗೂರು ಸೇತುವೆ ಆಸುಪಾಸು. ಶುರುವಾಗಿ ಸ್ವಲ್ಪ ಹೊತ್ತಿಗೆ ದನಿ ಒಮ್ಮೆ ಎಗರಿ, ಅರ್ಧ ಸಾಲು ಹಾರಿ ಮುಂದೆ ಹೋಗುತ್ತದೆ. ಪೆನ್ ಡ್ರೈವ್ ಕೆಟ್ಟಿದೆ ಅಂತ ಕೈ ಹಾಕಬೇಡ. ಅದು ಇರೋದೇ ಹಾಗೆ.

ಡಬ್ಬಿ ವಾಪಸ್ ತಾ. ನಿಮ್ಮಮ್ಮನ ಡಬ್ಬಿ ಅದು.

ನಿನ್ನ
ಅಪ್ಪ